ಹುಟ್ಟೂರು, ಪದವಿ, ಪ್ರಶಸ್ತಿಗಳ ಆಚೆಗೆ: ಇಂದಿನ ಬರಹಗಾರರ ಮತ್ತು ಚಿತ್ರಕಾರರ ಬದುಕನ್ನು ಓದುವ ಬಗೆ

ಪ್ರಶ್ನೆ: ನಾನು ಶಾಲಾ ಗ್ರಂಥಾಲಯವೊಂದನ್ನು ನೋಡಿಕೊಳ್ಳುತ್ತೇನೆ. ಹತ್ತರಿಂದ ಹದಿನಾರು ವರ್ಷದ ಓದುಗರಿಗಾಗಿ ಇಂದಿನ ಬರಹಗಾರರು ಮತ್ತು ಚಿತ್ರಕಾರರ ಕಿರುಪರಿಚಯಗಳನ್ನು ಸಿದ್ಧಪಡಿಸುತ್ತಿದ್ದೇನೆ. ಪುಸ್ತಕಗಳ ಹಿಂಬದಿಯಲ್ಲಿ ಸಿಗುವ ಪರಿಚಯಗಳೆಲ್ಲ ಒಂದೇ ಅಚ್ಚಿನವು: ಹುಟ್ಟಿದ್ದು ಇಲ್ಲಿ, ಓದಿದ್ದು ಅಲ್ಲಿ, ಬಂದ ಪ್ರಶಸ್ತಿಗಳು ಇವು. ಇವರೆಲ್ಲರ ಬದುಕಿನಲ್ಲಿ ಸಮಾನವಾದದ್ದು ಏನಾದರೂ ಇದೆಯೇ? ಬರೆಯಲು, ಚಿತ್ರ ಬಿಡಿಸಲು ಪದವಿ, ಹಣ, ಅನುಕೂಲವಂತರ ಮನೆತನ ಬೇಕೇ ಎಂದು ಮಕ್ಕಳು ಕೇಳಿದರೆ ಏನು ಹೇಳಲಿ? ಸೆರೆವಾಸ, ವಲಸೆ, ಅಂಗವೈಕಲ್ಯದಂಥ ಸಂಗತಿಗಳನ್ನು ಎಷ್ಟರಮಟ್ಟಿಗೆ ಬರೆಯಬಹುದು?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. ಹುಟ್ಟು, ಓದು, ವೃತ್ತಿ, ವಯಸ್ಸು, ಇವುಗಳಲ್ಲಿ ಯಾವುದನ್ನು ಹಿಡಿದು ಹೊರಟರೂ ಇಂದಿನ ಬರಹಗಾರರನ್ನೂ ಚಿತ್ರಕಾರರನ್ನೂ ಒಂದು ಸಾಲಿನಲ್ಲಿ ನಿಲ್ಲಿಸಲು ಬರುವುದಿಲ್ಲ. ಲೇಖಕರ ಪರಿಚಯಗಳನ್ನು ಬರೆಯುವುದು ಮತ್ತು ತಿದ್ದುವುದು ಬಹುಕಾಲದಿಂದ ನನ್ನ ಕೆಲಸ. ಆ ಕೆಲಸದಿಂದ ನನಗೆ ಖಚಿತವಾಗಿರುವುದು ಇಷ್ಟು: ಪರಿಚಯದಲ್ಲಿ ನಾವು ವಾಡಿಕೆಯಂತೆ ಬರೆಯುವ ವಿವರಗಳಲ್ಲಿ ಹೋಲಿಕೆ ಸಿಗುವುದಿಲ್ಲ, ಬರೆಯದೆ ಬಿಡುವ ವಿವರಗಳಲ್ಲಿ ಸಿಗುತ್ತದೆ. ಬರೆಯುವ, ಚಿತ್ರಿಸುವ ಹೊತ್ತು ಒಬ್ಬೊಬ್ಬರಿಗೂ ಎಲ್ಲಿಂದಲೋ ಒದಗಿ ಬಂದಿರುತ್ತದೆ, ಇಲ್ಲವೇ ಅವರು ಅದನ್ನು ಹಟದಿಂದ ಹೊಂದಿಸಿಕೊಂಡಿರುತ್ತಾರೆ. ಹಾಗೆಯೇ ಒಬ್ಬೊಬ್ಬರ ಮೊದಲ ಪುಟಗಳನ್ನೂ ಯಾರೋ ಒಬ್ಬರು ಮನಸ್ಸಿಟ್ಟು ನೋಡಿರುತ್ತಾರೆ. ಹೊತ್ತು ಎಲ್ಲಿಂದ ಬಂತು, ಮೊದಲು ನೋಡಿದವರು ಯಾರು ಎಂದು ವಿಚಾರಿಸಿದರೆ, ಒಂದು ಬದುಕು ಪುಸ್ತಕದವರೆಗೆ ಹೇಗೆ ಬಂತು ಎಂಬುದು ತಿಳಿಯುತ್ತದೆ.

ಅಮೆರಿಕದ ಕಾದಂಬರಿಗಾರ್ತಿ ಟೋನಿ ಮಾರಿಸನ್ 1993ರಲ್ಲಿ ನೊಬೆಲ್ ಪಡೆದರು ಎಂಬುದು ಅವರ ಎಲ್ಲ ಪರಿಚಯಗಳಲ್ಲೂ ಇರುತ್ತದೆ. 1970ರಲ್ಲಿ ಮೊದಲ ಕಾದಂಬರಿ ಬಂದಾಗ ಅವರಿಗೆ 39 ವರ್ಷ. ವಿಚ್ಛೇದನವಾಗಿ ಕೆಲವು ವರ್ಷಗಳಾಗಿದ್ದವು. ಇಬ್ಬರು ಗಂಡುಮಕ್ಕಳನ್ನು ಒಬ್ಬರೇ ಸಾಕುತ್ತ ಹಗಲಿಡೀ ಪ್ರಕಾಶನ ಸಂಸ್ಥೆಯೊಂದರಲ್ಲಿ ಸಂಪಾದಕಿಯಾಗಿ ದುಡಿಯುತ್ತಿದ್ದರು. ಮಕ್ಕಳು ಎದ್ದು ಅಮ್ಮಾ ಎಂದು ಕರೆಯುವ ಮೊದಲು, ಅಂದರೆ ಬೆಳಗಿನ ಐದು ಗಂಟೆಗೂ ಮುಂಚೆ, ಸಿಗುತ್ತಿದ್ದ ಹೊತ್ತಿನಲ್ಲಿ ಬರೆಯುವುದು ಮೊದಮೊದಲು ಅನಿವಾರ್ಯವಾಗಿತ್ತು, ಆಮೇಲೆ ಅದೇ ರೂಢಿಯಾಯಿತು ಎಂದು ಅವರೇ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ಹರುಕಿ ಮುರಕಾಮಿಯವರಿಗೆ ಸಿಕ್ಕ ಹೊತ್ತು ದಿನದ ಇನ್ನೊಂದು ತುದಿಯದು. ಟೋಕಿಯೊದಲ್ಲಿ ಹೆಂಡತಿಯೊಡನೆ ಜಾಜ್ ಸಂಗೀತದ ಬಾರ್ ನಡೆಸುತ್ತಿದ್ದ ಅವರು ರಾತ್ರಿ ಬಾಗಿಲು ಹಾಕಿ ಮನೆಗೆ ಬಂದ ಮೇಲೆ ಅಡುಗೆಮನೆಯ ಮೇಜಿನಲ್ಲಿ ಕುಳಿತು ಮೊದಲ ಕಾದಂಬರಿ ಬರೆದರು. 1979ರಲ್ಲಿ ಅದಕ್ಕೆ ಹೊಸ ಲೇಖಕರ ಪ್ರಶಸ್ತಿ ಬಂತು. 2003ರಲ್ಲಿ ಮೊದಲ ಕಾದಂಬರಿ ಪ್ರಕಟಿಸಿದ ಖಾಲಿದ್ ಹೊಸೇನಿ ಅದನ್ನು ಬರೆದದ್ದು ವೈದ್ಯರಾಗಿ ಕೆಲಸಕ್ಕೆ ಹೊರಡುವ ಮುನ್ನ ಬೆಳಗಿನ ಜಾವದಲ್ಲಿ. 2020ರಲ್ಲಿ ಬುಕರ್ ಪಡೆದ ಡಗ್ಲಸ್ ಸ್ಟುವರ್ಟ್ ನ್ಯೂಯಾರ್ಕಿನ ದೊಡ್ಡ ಉಡುಪಿನ ಕಂಪನಿಗಳಲ್ಲಿ ವಿನ್ಯಾಸಕಾರರಾಗಿದ್ದುಕೊಂಡೇ ಸುಮಾರು ಹತ್ತು ವರ್ಷ ಸಂಜೆಗಳನ್ನೂ ರಜಾದಿನಗಳನ್ನೂ ಒಂದೇ ಹಸ್ತಪ್ರತಿಗೆ ಕೊಟ್ಟರು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹಿಂಬದಿಯ ಪರಿಚಯಗಳು ಇಂಥ ಉದ್ಯೋಗಗಳನ್ನು ಲೇಖಕರು ಹತ್ತಿ ದಾಟಿದ ಮೆಟ್ಟಿಲುಗಳೆಂಬಂತೆ ಬರೆಯುತ್ತವೆ: ಹಿಂದೆ ಅಲ್ಲಿ ಇಲ್ಲಿ ದುಡಿದರು, ಈಗ ಪೂರ್ಣಾವಧಿ ಬರಹಗಾರರು. ನಿಜವಾಗಿ ಉದ್ಯೋಗವೂ ಬರಹವೂ ಒಂದೇ ದಿನದೊಳಗೆ ಒಟ್ಟೊಟ್ಟಿಗೆ ನಡೆದಿರುತ್ತವೆ. ಸಯಾಕ ಮುರಾತ ಅವರಿಗೆ 2016ರಲ್ಲಿ ಜಪಾನಿನ ಅಕುತಗಾವಾ ಸಾಹಿತ್ಯ ಪ್ರಶಸ್ತಿ ಬಂದಾಗಲೂ ಅವರು ದಿನಬಳಕೆಯ ಸಾಮಾನಿನ ಅಂಗಡಿಯೊಂದರಲ್ಲಿ ಅರೆಕಾಲಿಕ ಕೆಲಸಕ್ಕಿದ್ದರು. ಪ್ರಶಸ್ತಿ ಬಂದ ಕಾದಂಬರಿಯೂ ಅಂಥ ಅಂಗಡಿಯ ಕೆಲಸಗಾರ್ತಿಯೊಬ್ಬಳದೇ ಕಥೆ. ಆ ಅಂಗಡಿಯ ದಿನಚರಿ ಅವರ ಬರಹವನ್ನು ತಡೆಯಲಿಲ್ಲ, ಅದಕ್ಕೆ ವಸ್ತುವನ್ನೂ ಕೊಟ್ಟಿತು, ಚೌಕಟ್ಟನ್ನೂ ಕೊಟ್ಟಿತು. ಹಿಂದೆ, ಈಗ ಎಂಬ ಗೆರೆಯನ್ನು ಮಕ್ಕಳ ಮುಂದೆ ಎಳೆಯಬೇಡಿ. ಎಳೆದರೆ, ಬೇರೆ ಎಲ್ಲ ಕೆಲಸವನ್ನೂ ಬಿಟ್ಟವರು ಮಾತ್ರ ಬರಹಗಾರರು ಎಂದು ಅವರು ತಿಳಿದುಕೊಳ್ಳುತ್ತಾರೆ.

ಹಣದ ಪ್ರಶ್ನೆಗೆ ಅಂಕಿಗಳನ್ನೇ ಕೊಡಿ. ಹತ್ತು ವರ್ಷದ ಮಗುವಿಗೂ ಅವು ಅರ್ಥವಾಗುತ್ತವೆ. ಬ್ರಿಟನ್ನಿನ ಲೇಖಕರ ಪರವಾನಗಿ ಸಂಸ್ಥೆಯೊಂದು 2022ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ದುಡಿಮೆಯ ಅರ್ಧಕ್ಕಿಂತ ಹೆಚ್ಚು ಹೊತ್ತನ್ನು ಬರವಣಿಗೆಗೇ ಕೊಡುವವರ ಮಧ್ಯಮಟ್ಟದ (ಅಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ ಗಳಿಸುವ) ವಾರ್ಷಿಕ ಬರಹದ ಆದಾಯ 7,000 ಪೌಂಡ್. 2006ರಲ್ಲಿ ಅದು 12,330 ಪೌಂಡ್ ಇತ್ತು. ಅಮೆರಿಕದ ಲೇಖಕರ ಸಂಘದ 2023ರ ಸಮೀಕ್ಷೆ, ಪೂರ್ಣಾವಧಿ ಲೇಖಕರು ಅದರ ಹಿಂದಿನ ವರ್ಷ ಪುಸ್ತಕಗಳಿಂದ ಗಳಿಸಿದ ಮಧ್ಯಮಟ್ಟದ ಮೊತ್ತ 10,000 ಡಾಲರ್ ಎಂದು ತಿಳಿಸುತ್ತದೆ. ಈ ಎರಡೂ ದೇಶಗಳಲ್ಲಿ ಅಷ್ಟು ಹಣದಲ್ಲಿ ವರ್ಷವಿಡೀ ಬಾಡಿಗೆ ಕಟ್ಟಿ ಸಂಸಾರ ನಡೆಸಲಾಗದು. ಹಾಗಾದರೆ ಉಳಿದ ಹಣ ಎಲ್ಲಿಂದ ಬರುತ್ತದೆ? ಬಾಳಸಂಗಾತಿಯ ಸಂಬಳದಿಂದ, ಹಿರಿಯರು ಬಿಟ್ಟುಹೋದ ಮನೆಯಿಂದ, ಪಾಠ ಹೇಳುವ ಕೆಲಸದಿಂದ, ಅನುವಾದದಿಂದ, ಜಾಹೀರಾತಿನ ಕೆಲಸದಿಂದ. ಅನುಕೂಲವಂತರ ಮನೆಯಲ್ಲಿ ಹುಟ್ಟಿದವರಿಗೆ ಬರೆಯುವ ಹೊತ್ತು ಸುಲಭವಾಗಿ ಸಿಗುತ್ತದೆ ಎಂಬುದು ಸತ್ಯ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಅನುಕೂಲ ಹೊತ್ತನ್ನು ಕೊಡುತ್ತದೆಯೇ ಹೊರತು ಪುಸ್ತಕವನ್ನು ಕೊಡುವುದಿಲ್ಲ ಎಂಬುದೂ ಅಷ್ಟೇ ಸತ್ಯ.

ಚಿತ್ರಕಾರರ ವಿಷಯದಲ್ಲಿ ಹಣದ ಮಾತಿಗೆ ಇನ್ನೊಂದು ಮುಖವಿದೆ. ಬರಹಗಾರರಿಗೆ ಸಾಮಾನ್ಯವಾಗಿ ಮಾರಾಟವಾದ ಪ್ರತಿಗಳ ಮೇಲೆ ಗೌರವಧನ ಸಲ್ಲುತ್ತದೆ. ಚಿತ್ರಕಾರರಿಗೆ ಎಷ್ಟೋ ಸಲ ಒಂದೇ ಬಾರಿ ಒಟ್ಟು ಮೊತ್ತ ಕೊಟ್ಟು ಹಕ್ಕುಗಳನ್ನೆಲ್ಲ ಬರೆಸಿಕೊಳ್ಳಲಾಗುತ್ತದೆ. ದಕ್ಷಿಣ ಕೊರಿಯಾದ ಬೆಕ್ ಹೀನಾ 2020ರಲ್ಲಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಸ್ಮಾರಕ ಪ್ರಶಸ್ತಿ ಪಡೆದರು. ಮಕ್ಕಳ ಸಾಹಿತ್ಯಕ್ಕೆ ಸಲ್ಲುವ ಅತಿ ದೊಡ್ಡ ಮೊತ್ತದ ಪ್ರಶಸ್ತಿಗಳಲ್ಲಿ ಅದೊಂದು. ಆದರೆ ಅವರಿಗೆ ಹೆಸರು ತಂದ ಆರಂಭದ ಚಿತ್ರಪುಸ್ತಕದ ಹಕ್ಕುಗಳನ್ನು ಅವರು ಹೊಸಬರಾಗಿದ್ದಾಗ ಒಟ್ಟು ಮೊತ್ತಕ್ಕೆ ಬಿಟ್ಟುಕೊಟ್ಟಿದ್ದರು. ಆ ಪುಸ್ತಕದಿಂದ ಆನಿಮೇಷನ್, ಸಂಗೀತನಾಟಕ ಮುಂತಾದವು ಹುಟ್ಟಿಕೊಂಡಾಗ ಲಾಭದಲ್ಲಿ ಅವರಿಗೆ ಪಾಲಿರಲಿಲ್ಲ. ನ್ಯಾಯಾಲಯದ ಹೋರಾಟದಲ್ಲೂ ಅವರು ಗೆಲ್ಲಲಿಲ್ಲ. ಮುಂದೆ ಚಿತ್ರಕಾರರಾಗಬೇಕೆಂಬ ಆಸೆಯಿರುವ ಹದಿನೈದು ವರ್ಷದ ಓದುಗರಿಗೆ ಪ್ರಶಸ್ತಿಯ ಸುದ್ದಿಗಿಂತ ಈ ಸುದ್ದಿ ಹೆಚ್ಚು ಉಪಕಾರಿ ಎಂದು ನನಗೆ ಅನ್ನಿಸುತ್ತದೆ.

ಇನ್ನು ಪದವಿಯ ಮಾತು. ಬ್ರಿಟನ್ನಿನ ಚಿತ್ರಕಾರ ಕ್ವೆಂಟಿನ್ ಬ್ಲೇಕ್ ಕೇಂಬ್ರಿಡ್ಜಿನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ. ಅವರ ಚಿತ್ರ ಅಚ್ಚಾಗತೊಡಗಿದ್ದು ಶಾಲೆಯಲ್ಲಿರುವಾಗಲೇ. ಜಪಾನಿನ ಮಿತ್ಸುಮಾಸ ಅನ್ನೊ ಮೊದಲು ಪ್ರಾಥಮಿಕ ಶಾಲೆಯ ಮೇಷ್ಟ್ರು, ಆಮೇಲೆ ಚಿತ್ರಪುಸ್ತಕಗಳ ದೊಡ್ಡ ಹೆಸರು. ಅದೇ ದೇಶದ ನಹೊಕೊ ಉಎಹಾಶಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ನಡುವೆ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞೆ. ಅವರ ಕಲ್ಪಿತ ಲೋಕಗಳಲ್ಲಿ ಒಂದೊಂದು ಜನಾಂಗಕ್ಕೂ ಅದರದೇ ನಂಬಿಕೆ, ಆಹಾರ, ನೆನಪುಗಳು ಇರುವುದು ಆಕಸ್ಮಿಕವಲ್ಲ. ಕಲಾಶಾಲೆಯಲ್ಲಿ ಕ್ರಮವಾಗಿ ಕಲಿತವರೂ ಧಾರಾಳವಾಗಿ ಇದ್ದಾರೆ. ಒಟ್ಟಿನಲ್ಲಿ ಪದವಿ ಇದ್ದರೆ ಉಪಯೋಗಕ್ಕೆ ಬರುತ್ತದೆ, ಇಲ್ಲದಿದ್ದರೆ ದಾರಿ ಮುಚ್ಚುವುದಿಲ್ಲ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವ ಅಗತ್ಯ ನನಗೆ ಕಾಣುವುದಿಲ್ಲ.

ಹೆಚ್ಚು ಗಮನಿಸಬೇಕಾದ ಸಂಗತಿ ಬೇರೆಯಿದೆ. ಬರಹಗಾರರ ಹಳೆಯ ಕಸುಬು ಅವರ ವಾಕ್ಯಗಳಲ್ಲಿ ಅಡಗಿರುತ್ತದೆ, ಹುಡುಕಿದರೂ ಕೆಲವೊಮ್ಮೆ ಸಿಗದು. ಚಿತ್ರಕಾರರ ಹಳೆಯ ಕಸುಬು ಪುಟದ ಮೇಲೆಯೇ ಕಾಣುತ್ತದೆ. ಆನಿಮೇಷನ್ ಕಲಿತ ಬೆಕ್ ಹೀನಾ ಕುಂಚ ಹಿಡಿದು ಪುಟ ತುಂಬಿಸುವವರಲ್ಲ. ಜೇಡಿಮಣ್ಣು, ಕಾಗದ, ಬಟ್ಟೆಗಳಿಂದ ಗೊಂಬೆಗಳನ್ನೂ ಪುಟಾಣಿ ಕೋಣೆಗಳನ್ನೂ ಕಟ್ಟಿ, ದೀಪ ಹೊಂದಿಸಿ, ಛಾಯಾಚಿತ್ರ ತೆಗೆದು ಪುಟ ಮಾಡುತ್ತಾರೆ. ಆದ್ದರಿಂದಲೇ ಅವರ ಪುಸ್ತಕದ ಕಿಟಕಿಯಿಂದ ಬೀಳುವ ಬೆಳಕು ನಿಜವಾಗಿಯೂ ಗೋಡೆಯ ಮೇಲೆ ಬಿದ್ದಿರುತ್ತದೆ.

ಎರಿಕ್ ಕಾರ್ಲ್ ಅವರ ಬದುಕು ಇದಕ್ಕೆ ಇನ್ನೂ ಸ್ಪಷ್ಟವಾದ ಉದಾಹರಣೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅವರು ಹುಟ್ಟಿದ್ದು 1929ರಲ್ಲಿ ಅಮೆರಿಕದಲ್ಲಿ, ಜರ್ಮನಿಯಿಂದ ವಲಸೆ ಬಂದ ತಂದೆತಾಯಿಗಳಿಗೆ. ಆರು ವರ್ಷದವರಾಗಿದ್ದಾಗ ಮನೆಯವರು ಜರ್ಮನಿಗೆ ಮರಳಿದರು. ತಂದೆಯನ್ನು ಸೈನ್ಯಕ್ಕೆ ಕರೆದೊಯ್ದರು. ಅವರು ಸೋವಿಯತ್ ಒಕ್ಕೂಟದಲ್ಲಿ ಯುದ್ಧಕೈದಿಯಾಗಿ, ಯುದ್ಧ ಮುಗಿದ ಮೇಲೂ ಬಹಳ ದಿನ ಹಿಂದಿರುಗಲಿಲ್ಲ. ಹುಡುಗ ಕಾರ್ಲ್‌ನನ್ನು ಕಂದಕ ತೋಡುವ ಕೆಲಸಕ್ಕೆ ಹಚ್ಚಲಾಗಿತ್ತು. ಆ ದಿನಗಳಲ್ಲಿ ಶಾಲೆಯ ಚಿತ್ರಕಲಾ ಶಿಕ್ಷಕ ಫ್ರಿಟ್ಸ್ ಕ್ರೌಸ್ ಅವನನ್ನು ಮನೆಗೆ ಕರೆದು, ನಾಜಿ ಆಡಳಿತ ನಿಷೇಧಿಸಿದ್ದ ಪಿಕಾಸೊ, ಕ್ಲೇ, ಮತೀಸ್ ಮುಂತಾದವರ ಚಿತ್ರಗಳನ್ನು ಗುಟ್ಟಾಗಿ ತೋರಿಸಿದರು. 1952ರಲ್ಲಿ ಅಮೆರಿಕಕ್ಕೆ ಮರಳಿದ ಕಾರ್ಲ್ ಪತ್ರಿಕೆಯಲ್ಲಿ ವಿನ್ಯಾಸಕಾರರಾಗಿ, ಅನಂತರ ಜಾಹೀರಾತು ಸಂಸ್ಥೆಯಲ್ಲಿ ಕಲಾನಿರ್ದೇಶಕರಾಗಿ ದುಡಿದರು. ಜಾಹೀರಾತೊಂದಕ್ಕೆ ಅವರು ಮಾಡಿದ್ದ, ದೊಡ್ಡ ಸಿಗಡಿಯಂಥ ಕಡಲಜೀವಿಯಾದ ಕೆಂಪು ಲಾಬ್‌ಸ್ಟರಿನ ಚಿತ್ರವನ್ನು ನೋಡಿದ ಲೇಖಕರೊಬ್ಬರು ತಮ್ಮ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯಲು ಕೇಳಿದರು. 1967ರಲ್ಲಿ ಆ ಪುಸ್ತಕ ಬಂದಾಗ ಕಾರ್ಲ್ ಅವರಿಗೆ ನಲವತ್ತು ಹತ್ತಿರವಾಗಿತ್ತು. ಮುಂದೆ ಒಂದು ದಿನ ಕಾಗದದ ಕಟ್ಟಿಗೆ ಪಂಚ್ ಯಂತ್ರದಿಂದ ತೂತು ಹಾಕುವಾಗ, ಪುಟಗಳನ್ನು ಕೊರೆದುಕೊಂಡು ಹೋಗುವ ಹುಳುವೊಂದು ಅವರ ಕಲ್ಪನೆಗೆ ಬಂತು. ಹುಳುವಿಗಿಂತ ಕಂಬಳಿಹುಳು ಚೆನ್ನ ಎಂದು ಸೂಚಿಸಿದವರು ಸಂಪಾದಕಿ ಆ್ಯನ್ ಬೆನೆಡ್ಯೂಸ್. ತೂತುಗಳಿರುವ, ಅಗಲ ಬೇರೆಬೇರೆಯಾದ ಹಾಳೆಗಳ ಪುಸ್ತಕವನ್ನು ಕೈಗೆಟಕುವ ವೆಚ್ಚದಲ್ಲಿ ಮಾಡಿಕೊಡುವ ಮುದ್ರಕರು ಅಮೆರಿಕದಲ್ಲಿ ಸಿಗದಿದ್ದಾಗ ಜಪಾನಿನಲ್ಲಿ ಮುದ್ರಕರನ್ನು ಹುಡುಕಿದವರೂ ಅವರೇ. 1969ರಲ್ಲಿ ಬಂದ ಆ ಪುಸ್ತಕ ಇಂದಿಗೂ ಲೋಕದ ಎಲ್ಲೆಡೆ ಮಕ್ಕಳ ಕೈಯಲ್ಲಿದೆ. ಪರಿಚಯದಲ್ಲಿ ಅಮೆರಿಕದ ಚಿತ್ರಕಾರ ಎಂದು ಒಂದು ಪದದಲ್ಲಿ ಮುಗಿಸುವ ಬದುಕಿನಲ್ಲಿ ಗುಟ್ಟಾಗಿ ಚಿತ್ರ ತೋರಿಸಿದ ಮೇಷ್ಟ್ರು, ಜಾಹೀರಾತಿನ ಲಾಬ್‌ಸ್ಟರ್, ಮುದ್ರಕರಿಗಾಗಿ ದೇಶ ಸುತ್ತಿದ ಸಂಪಾದಕಿ ಇದ್ದಾರೆ. ಇವರಲ್ಲಿ ಒಬ್ಬರನ್ನಾದರೂ ನಿಮ್ಮ ಓದುಗರಿಗೆ ಪರಿಚಯಿಸಿ.

ಭಜ್ಜು ಶ್ಯಾಮ್ ಅವರ ದಾರಿ ಇದರಿಂದ ಪೂರ್ತಿ ಬೇರೆ. ಮಧ್ಯಪ್ರದೇಶದ ಪಾಟನ್‌ಗಢದ ಗೊಂಡ ಕುಟುಂಬದಲ್ಲಿ 1971ರಲ್ಲಿ ಹುಟ್ಟಿದ ಅವರು ಭೋಪಾಲಿನಲ್ಲಿ ರಾತ್ರಿ ಕಾವಲುಗಾರರಾಗಿಯೂ ವಿದ್ಯುತ್ ಕೆಲಸಗಾರರಾಗಿಯೂ ದುಡಿದರು. ಅಲ್ಲಿ ಅವರ ಕೈಗೆ ಕುಂಚ ಕೊಟ್ಟವರು ಗೊಂಡ ಚಿತ್ರಕಲೆಯನ್ನು ಗೋಡೆಯಿಂದ ಕಾಗದಕ್ಕೆ ತಂದ ಅವರ ಚಿಕ್ಕಪ್ಪ ಜಂಗಢ ಸಿಂಗ್ ಶ್ಯಾಮ್. ಲಂಡನ್ನಿನ ಹೋಟೆಲೊಂದರ ಗೋಡೆಗಳಿಗೆ ಚಿತ್ರ ಬರೆಯಲು ಹೋಗಿ ಬಂದ ಅನುಭವವನ್ನು ಅವರು 2004ರಲ್ಲಿ ಪುಸ್ತಕವಾಗಿಸಿದರು. ಅದರಲ್ಲಿ ಬಿಗ್ ಬೆನ್ ಗಡಿಯಾರ ಗೋಪುರ ಹೊತ್ತು ಸಾರುವ ಹುಂಜದೊಡನೆ ಬೆರೆತುಹೋಗಿದೆ. ದಿನಾ ಕೆಲಸಕ್ಕೆ ಕರೆದೊಯ್ಯುತ್ತಿದ್ದ ಬಸ್ಸು ನಿಷ್ಠೆಯ ನಾಯಿಯಾಗಿದೆ. ವಿಮಾನ ಹಾರುವ ಆನೆಯಾಗಿದೆ. ದೂರದ ನಾಡಿಗೆ ಹೋದ ಪ್ರವಾಸಿಗರು ಅಲ್ಲಿನ ಜನರನ್ನು ವಿಚಿತ್ರವಾಗಿ ಚಿತ್ರಿಸಿದ್ದು ಶತಮಾನಗಳ ರೂಢಿ. ಇಲ್ಲಿ ಕಾಡಿನ ಕಣ್ಣು ಮಹಾನಗರವನ್ನು ನೋಡಿ, ತನಗೆ ತಿಳಿದ ಪ್ರಾಣಿಗಳ ಮೂಲಕ ಅದನ್ನು ಅರ್ಥ ಮಾಡಿಕೊಂಡಿದೆ. ಇದೇ ಪರಂಪರೆಯ ದುರ್ಗಾಬಾಯಿ ವ್ಯಾಮ್, ರಾಮ್ ಸಿಂಗ್ ಊರ್ವೇತಿ ಅವರೊಡನೆ ಸೇರಿ ಭಜ್ಜು ಚಿತ್ರಿಸಿದ ಮರಗಳ ಪುಸ್ತಕವನ್ನು ಕಪ್ಪು ಕಾಗದದ ಮೇಲೆ ಕೈಯಿಂದಲೇ ರೇಷ್ಮೆಪರದೆಯ ಮುದ್ರಣದಲ್ಲಿ ಅಚ್ಚು ಹಾಕಲಾಯಿತು. 2008ರಲ್ಲಿ ಬೊಲೊನ್ಯಾ ಮಕ್ಕಳ ಪುಸ್ತಕ ಮೇಳದ ಪ್ರಶಸ್ತಿ ಅದಕ್ಕೆ ಬಂತು. ಭಜ್ಜು ಅವರಿಗೆ 2018ರಲ್ಲಿ, ದುರ್ಗಾಬಾಯಿ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ದುರ್ಗಾಬಾಯಿ ಎಳವೆಯಲ್ಲಿ ತಾಯಿಯಿಂದ ಕಲಿತದ್ದು ಗೋಡೆ ಮತ್ತು ನೆಲದ ಮೇಲೆ ಬರೆಯುವ ಡಿಗ್ನಾ ವಿನ್ಯಾಸ. ಇಂಥವರನ್ನು ಶಿಕ್ಷಣವಿಲ್ಲದವರು ಎಂದು ಬರೆಯುವುದು ತಪ್ಪು. ಅವರ ಶಿಕ್ಷಣ ಮನೆಯಲ್ಲಿ ನಡೆಯಿತು, ಗುರು ಯಾರೆಂಬುದೂ ಗೊತ್ತಿದೆ.

ಮೊದಲು ನೋಡಿದವರ ವಿಷಯಕ್ಕೆ ಬಂದರೆ, ಬಂಗಾಳಿಯ ಮನೋರಂಜನ್ ಬ್ಯಾಪಾರಿಯವರ ಪ್ರಸಂಗ ಬಹಳ ಜನರಿಗೆ ಗೊತ್ತಿರುವಂಥದು. ದೇಶವಿಭಜನೆಯ ನಂತರ ನಿರಾಶ್ರಿತರಾಗಿ ಬಂದ ದಲಿತ ಕುಟುಂಬದ ಅವರು ಅಕ್ಷರ ಕಲಿತದ್ದು ಸೆರೆಮನೆಯಲ್ಲಿ. ಹೊರಗೆ ಬಂದು ಕೋಲ್ಕತ್ತದಲ್ಲಿ ಸೈಕಲ್ ರಿಕ್ಷಾ ತುಳಿಯುವಾಗ ಸವಾರಿಗಳ ನಡುವೆ ಪುಸ್ತಕ ಓದುತ್ತಿದ್ದರು. ಒಂದು ದಿನ ರಿಕ್ಷಾ ಹತ್ತಿದ ಮಹಿಳೆ ಅಧ್ಯಾಪಕಿಯಂತೆ ಕಂಡಿದ್ದರಿಂದ, ಓದುವಾಗ ಎದುರಾಗಿದ್ದ ಕಠಿಣ ಪದವೊಂದರ ಅರ್ಥ ಕೇಳಿದರು. ಆಕೆ ಅರ್ಥ ಹೇಳಿದ್ದಲ್ಲದೆ ತಮ್ಮ ಪತ್ರಿಕೆಗೆ ನಿಮ್ಮ ಬದುಕನ್ನೇ ಬರೆದುಕೊಡಿ ಎಂದು ಕೇಳಿದರು. ಆಕೆ ಬಂಗಾಳಿಯ ಹೆಸರಾಂತ ಲೇಖಕಿ ಮಹಾಶ್ವೇತಾ ದೇವಿ. 1981ರಲ್ಲಿ ಬ್ಯಾಪಾರಿಯವರ ಬರಹ ಅಲ್ಲಿ ಅಚ್ಚಾಯಿತು. ಆಮೇಲೂ ಅವರು ಬಹುಕಾಲ ಶಾಲೆಯೊಂದರಲ್ಲಿ ಅಡುಗೆ ಮಾಡುತ್ತಲೇ ಬರೆದರು. ಬೇಬಿ ಹಾಲ್ದಾರ್ ಅವರದು ಇಂಥದೇ ಇನ್ನೊಂದು ಕಥನ: ಹನ್ನೆರಡನೆಯ ವಯಸ್ಸಿಗೆ ಮದುವೆ, ಮೂವರು ಮಕ್ಕಳೊಡನೆ ಗಂಡನ ಮನೆಯಿಂದ ಹೊರಬಂದು ದೆಹಲಿಯ ಕಡೆ ಮನೆಗೆಲಸ. ಪುಸ್ತಕದ ಕಪಾಟನ್ನು ಒರೆಸುವಾಗ ಆಕೆಯ ಕಣ್ಣು ಬಂಗಾಳಿ ಪುಸ್ತಕಗಳ ಮೇಲೆ ನಿಲ್ಲುವುದನ್ನು ಗಮನಿಸಿದ ಮನೆಯ ಯಜಮಾನ, ಮಾನವಶಾಸ್ತ್ರದ ನಿವೃತ್ತ ಪ್ರಾಧ್ಯಾಪಕ ಪ್ರಬೋಧ್ ಕುಮಾರ್, ಓದಲು ಪುಸ್ತಕವನ್ನೂ ಬರೆಯಲು ನೋಟುಪುಸ್ತಕವನ್ನೂ ಕೊಟ್ಟರು. ಆಕೆ ಬರೆದ ಆತ್ಮಕಥೆ 2002ರಲ್ಲಿ ಹಿಂದಿಯಲ್ಲಿ ಬಂತು, ಅನಂತರ ಹಲವು ಭಾಷೆಗಳಿಗೆ ಹೋಯಿತು.

ನೋಡುವವರು ಇಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರ 1985ರಲ್ಲಿ ಎಣಿಸಿದಾಗ, ಆ ವರ್ಷ ಆ ದೇಶದಲ್ಲಿ ಪ್ರಕಟವಾದ ಸುಮಾರು 2,500 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಲೇಖಕರು ಅಥವಾ ಚಿತ್ರಕಾರರದು 18 ಮಾತ್ರ. ಅಂಥ ಕಾಲದಲ್ಲಿ ಕೆಲಸ ಮಾಡಿದವರು ಜೆರಿ ಪಿಂಕ್ನಿ. ಫಿಲಡೆಲ್ಫಿಯಾದಲ್ಲಿ ಹುಡುಗನಾಗಿದ್ದಾಗ ಪತ್ರಿಕೆ ಮಾರುವ ಕಟ್ಟೆಯ ಬಳಿ ನಿಂತು ದಾರಿಹೋಕರ ಚಿತ್ರ ಬರೆಯುತ್ತಿದ್ದ ಅವರನ್ನು ವ್ಯಂಗ್ಯಚಿತ್ರಕಾರ ಜಾನ್ ಲೈನಿ ಗಮನಿಸಿ ತಮ್ಮ ಕೆಲಸದ ಕೋಣೆಗೆ ಕರೆದರು. ಚಿತ್ರ ಬರೆದು ಬದುಕುವವರು ಇರುತ್ತಾರೆ ಎಂಬುದು ಆ ಹುಡುಗನಿಗೆ ಮೊದಲು ಕಂಡದ್ದು ಅಲ್ಲಿ. ದಶಕಗಳ ಕೆಲಸದ ನಂತರ 2010ರಲ್ಲಿ ಅವರಿಗೆ ಅಮೆರಿಕದಲ್ಲಿ ಚಿತ್ರಪುಸ್ತಕಗಳ ಚಿತ್ರಕಾರರಿಗೆ ಕೊಡುವ ಕಾಲ್ಡಿಕಾಟ್ ಪದಕ ಬಂತು. 1938ರಿಂದ ಕೊಡುತ್ತಿರುವ ಆ ಪದಕವನ್ನು ಒಂಟಿಯಾಗಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಚಿತ್ರಕಾರ ಅವರು. ಮೇಲೆ ಹೇಳಿದ ಡಗ್ಲಸ್ ಸ್ಟುವರ್ಟ್ ಅವರ ಹಸ್ತಪ್ರತಿ 30ಕ್ಕೂ ಹೆಚ್ಚು ಪ್ರಕಾಶಕರಿಂದ ಹಿಂದೆ ಬಂದಿತ್ತು. ಇನ್ನು ಮಾರಿಸನ್ ತಾವು ಬರೆದು ಸುಮ್ಮನಾಗದೆ, ಸಂಪಾದಕಿಯ ಕುರ್ಚಿಯಲ್ಲಿ ಕುಳಿತು ಟೋನಿ ಕೇಡ್ ಬಂಬಾರ, ಗೇಲ್ ಜೋನ್ಸ್ ಅವರಂಥ ಕಪ್ಪು ಲೇಖಕಿಯರನ್ನು ಓದುಗರ ಮುಂದೆ ತಂದರು. ಅವರ ಬದುಕಿನ ಈ ಭಾಗ ನೊಬೆಲ್‌ನಷ್ಟೇ ದೊಡ್ಡದು ಎಂದು ನಾನು ಭಾವಿಸುತ್ತೇನೆ.

ಅನುವಾದಕರೂ ಹೀಗೆ ಮೊದಲು ನೋಡುವವರೇ. ವಕೀಲೆಯಾಗಿ, ಪತ್ರಕರ್ತೆಯಾಗಿ, ಚಳವಳಿಗಳ ನಡುವೆ ಇದ್ದುಕೊಂಡು ದಶಕಗಳ ಕಾಲ ಕಥೆ ಬರೆದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದಾಗ, ಆ ಕಥೆಗಳನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರು ಅದನ್ನು ಸಮವಾಗಿ ಹಂಚಿಕೊಂಡರು. ಆ ಪ್ರಶಸ್ತಿ ಸಣ್ಣಕತೆಗಳ ಸಂಕಲನಕ್ಕೆ ಸಂದದ್ದು ಅದೇ ಮೊದಲು. ಯಾವ ಲೇಖಕರ ಪುಸ್ತಕವನ್ನು ನಿಮ್ಮ ಓದುಗರು ಅನುವಾದದಲ್ಲಿ ಓದುತ್ತಿದ್ದಾರೋ ಆ ಅನುವಾದಕರ ಹೆಸರು ಪರಿಚಯದಲ್ಲಿ ಇರಲೇಬೇಕು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬ್ಯಾಪಾರಿ, ಹಾಲ್ದಾರ್ ಅವರಂಥವರ ಬದುಕನ್ನು ಬರೆಯುವಾಗ, ಕಷ್ಟವೇ ಅವರನ್ನು ಬರಹಗಾರರನ್ನಾಗಿ ಮಾಡಿತು ಎಂಬ ವಾಕ್ಯ ತಾನಾಗಿ ಲೇಖನಿಯಿಂದ ಇಳಿದುಬಿಡುತ್ತದೆ. ಅದು ನಿಜವಲ್ಲ, ನ್ಯಾಯವೂ ಅಲ್ಲ. ಅಷ್ಟೇ ಕಷ್ಟ ಉಂಡ ಅಸಂಖ್ಯಾತರಿಗೆ ಒಂದು ನೋಟುಪುಸ್ತಕವೂ ಸಿಗಲಿಲ್ಲ. ಕಷ್ಟ ಅವರ ಹೊತ್ತನ್ನು ಕಸಿದುಕೊಂಡಿತು. ಅದರ ನಡುವೆಯೂ ಅವರು ಓದಿದರು, ಬರೆದರು, ತಿದ್ದಿದರು. ಗೌರವ ಸಲ್ಲಬೇಕಾದದ್ದು ಆ ಓದಿಗೆ, ಆ ತಿದ್ದುವಿಕೆಗೆ.

ವಲಸೆಯ ಹಣೆಪಟ್ಟಿಯ ಬಗೆಗೂ ಇಂಥದೇ ಜಾಗ್ರತೆ ಬೇಕು. ಖಾಲಿದ್ ಹೊಸೇನಿ, ಜೂಡಿತ್ ಕೆರ್, ಅಬ್ದುಲ್‌ರಜಾಕ್ ಗುರ್ನಾ, ಬೆಹ್ರೂಜ್ ಬೂಚಾನಿ, ಈ ನಾಲ್ವರನ್ನೂ ನಿರಾಶ್ರಿತ ಲೇಖಕರು ಎಂಬ ಒಂದೇ ಶೀರ್ಷಿಕೆಯಡಿ ಇಡುವುದು ಸುಲಭ, ಮತ್ತು ಅದರಿಂದ ಏನೂ ತಿಳಿಯುವುದಿಲ್ಲ. ಹೊಸೇನಿ ರಾಜತಾಂತ್ರಿಕ ಅಧಿಕಾರಿಯ ಮಗ. ತಂದೆ ಪ್ಯಾರಿಸ್ಸಿನಲ್ಲಿ ಹುದ್ದೆಯಲ್ಲಿದ್ದಾಗ ಅಫ್ಘಾನಿಸ್ತಾನದಲ್ಲಿ ಅಧಿಕಾರ ಬದಲಾಗಿ, ಕುಟುಂಬ 1980ರಲ್ಲಿ ಅಮೆರಿಕದಲ್ಲಿ ಆಶ್ರಯ ಪಡೆಯಿತು. ಕೆರ್ ಬರ್ಲಿನ್ನಿನ ಹೆಸರಾಂತ ವಿಮರ್ಶಕನ ಮಗಳು. 1933ರಲ್ಲಿ ಮನೆಯವರು ತಪ್ಪಿಸಿಕೊಂಡು ಹೊರಟಾಗ, ಹೆಚ್ಚಿನ ಸಾಮಾನುಗಳನ್ನೆಲ್ಲ ಬಿಟ್ಟು ಬರಬೇಕಾದ ಆ ಗಳಿಗೆಯಲ್ಲಿ, ಒಂಬತ್ತು ವರ್ಷದ ಮಗಳು ಬಿಡಿಸಿದ್ದ ಚಿತ್ರಗಳನ್ನು ತಾಯಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು. ಆ ಚಿತ್ರಗಳು ಇಂದಿಗೂ ಇಂಗ್ಲೆಂಡಿನ ಸಂಗ್ರಹಾಲಯವೊಂದರಲ್ಲಿ ಉಳಿದಿವೆ. ಜಾಂಜಿಬಾರಿನಿಂದ ಹದಿಹರೆಯದ ಕೊನೆಯಲ್ಲಿ ಇಂಗ್ಲೆಂಡಿಗೆ ಬಂದ ಗುರ್ನಾ ಸ್ವಾಹಿಲಿ ಮನೆಮಾತಿನವರು. ಬರೆದದ್ದು ಇಂಗ್ಲಿಷಿನಲ್ಲಿ, ಜೀವನೋಪಾಯಕ್ಕೆ ಮಾಡಿದ್ದು ವಿಶ್ವವಿದ್ಯಾಲಯದ ಅಧ್ಯಾಪನ, ನೊಬೆಲ್ ಬಂದದ್ದು 2021ರಲ್ಲಿ. ಬೂಚಾನಿ ಇರಾನಿನ ಕುರ್ದ್ ಪತ್ರಕರ್ತ. ಆಸ್ಟ್ರೇಲಿಯಾ ಅವರನ್ನು ಪಪುವಾ ನ್ಯೂಗಿನಿಯ ಮ್ಯಾನಸ್ ದ್ವೀಪದಲ್ಲಿ ಕೂಡಿಟ್ಟಿದ್ದಾಗ, ಬಚ್ಚಿಟ್ಟುಕೊಂಡ ಮೊಬೈಲಿನಲ್ಲಿ ಪರ್ಷಿಯನ್ ಭಾಷೆಯಲ್ಲಿ ತುಣುಕು ತುಣುಕಾಗಿ ಬರೆದು ವಾಟ್ಸ್ಆ್ಯಪ್ ಮೂಲಕ ಹೊರಗೆ ಕಳಿಸಿದರು. ಓಮಿದ್ ತೋಫಿಘಿಯಾನ್ ಅದನ್ನು ಇಂಗ್ಲಿಷಿಗೆ ತಂದರು. 2019ರ ಜನವರಿಯಲ್ಲಿ ಆ ಪುಸ್ತಕಕ್ಕೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ದೊಡ್ಡ ಸಾಹಿತ್ಯ ಪ್ರಶಸ್ತಿ ಬಂದಾಗ, ಅದನ್ನು ಸ್ವೀಕರಿಸಲು ಆ ದೇಶದೊಳಗೆ ಕಾಲಿಡುವ ಅನುಮತಿ ಅವರಿಗಿರಲಿಲ್ಲ. ಒಬ್ಬರಿಗೆ ವೈದ್ಯವೃತ್ತಿಯ ಬೆಳಗಿನ ಜಾವ, ಒಬ್ಬರಿಗೆ ತಾಯಿ ಉಳಿಸಿದ ಚಿತ್ರಗಳು, ಒಬ್ಬರಿಗೆ ಅಧ್ಯಾಪಕರ ಸಂಬಳ, ಒಬ್ಬರಿಗೆ ಬಚ್ಚಿಟ್ಟ ಮೊಬೈಲು. ಹಣೆಪಟ್ಟಿಯ ಬದಲು ಇವನ್ನು ಬರೆಯಿರಿ.

ಅಂಗವೈಕಲ್ಯದ ಬಗ್ಗೆ ನೀವು ಕೇಳಿದ್ದೀರಿ. ಇದಕ್ಕೆ ನನ್ನ ಅಳತೆಗೋಲು ಸರಳ: ಲೇಖಕರು ತಾವಾಗಿಯೇ ಸಾರ್ವಜನಿಕವಾಗಿ ಹೇಳಿದ್ದರೆ, ಮತ್ತು ಅದು ಅವರ ಕೆಲಸಕ್ಕೆ ಸಂಬಂಧಪಟ್ಟಿದ್ದರೆ, ಬರೆಯಿರಿ. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಬಿಡಿ. ಜಪಾನಿನ ಸಾಒ ಇಚಿಕಾವ ಹುಟ್ಟಿನಿಂದ ಸ್ನಾಯುರೋಗ ಇರುವವರು, ಉಸಿರಾಟದ ಯಂತ್ರ ಮತ್ತು ಗಾಲಿಕುರ್ಚಿ ಬಳಸುವವರು, ಟ್ಯಾಬ್ಲೆಟ್ಟಿನ ಮೇಲೆ ಬರೆಯುವವರು. 2023ರಲ್ಲಿ ಅಕುತಗಾವಾ ಪ್ರಶಸ್ತಿ ಬಂದಾಗ ಅವರು ಎತ್ತಿದ ಪ್ರಶ್ನೆ ಗ್ರಂಥಾಲಯದವರೆಲ್ಲ ಕೇಳಿಸಿಕೊಳ್ಳಬೇಕಾದದ್ದು: ಪುಸ್ತಕವನ್ನು ಕೈಯಲ್ಲಿ ಹಿಡಿಯಲು, ಪುಟ ತಿರುಗಿಸಲು ಆಗದವರಿಗೆ ಓದುವ ದಾರಿ ಯಾಕೆ ಇಷ್ಟು ಕಿರಿದಾಗಿದೆ? ಇಂಥಲ್ಲಿ ದೇಹಸ್ಥಿತಿಯನ್ನು ಬಿಟ್ಟು ಬರೆದರೆ ಅವರ ಮಾತನ್ನೇ ಅಳಿಸಿದಂತಾಗುತ್ತದೆ. ಪಿಂಕ್ನಿಯವರು ತಮಗಿದ್ದ ಡಿಸ್ಲೆಕ್ಸಿಯಾದ, ಅಂದರೆ ಅಕ್ಷರಗಳನ್ನು ಓದುವುದರಲ್ಲಿನ ತೊಡಕಿನ, ಬಗ್ಗೆಯೂ ಬೆಲ್ಜಿಯಂನ ಚಿತ್ರಕಾರ್ತಿ ಕಿಟ್ಟಿ ಕ್ರೌದರ್ ತಮ್ಮ ಮಂದ ಕಿವಿಯ ಬಗ್ಗೆಯೂ ಮುಕ್ತವಾಗಿ ಮಾತಾಡಿದ್ದಾರೆ. ಅವರ ವಿಷಯದಲ್ಲೂ ಬರೆಯಬಹುದು. ಆದರೂ ಎಂಬ ಪದವನ್ನು ಮಾತ್ರ ಬಳಸಬೇಡಿ. ಕಿವಿ ಮಂದವಾಗಿದ್ದರೂ ಚಿತ್ರ ಬರೆದರು ಎಂಬ ವಾಕ್ಯಕ್ಕೆ ಅರ್ಥವೇ ಇಲ್ಲ, ಚಿತ್ರ ಬರೆಯಲು ಕಿವಿ ಬೇಕಿಲ್ಲ.

ಸೆರೆವಾಸಕ್ಕೂ ಇದೇ ಅಳತೆ. ಬ್ಯಾಪಾರಿ ತಮ್ಮ ಆತ್ಮಕಥೆಯಲ್ಲೇ ಅದನ್ನು ಬರೆದಿರುವುದರಿಂದ ಸಂಕೋಚ ಬೇಡ. ಇನ್ನೊಂದು ತುದಿಯಲ್ಲಿ ಇಟಲಿಯ ಎಲೆನಾ ಫೆರಾಂತೆ ಇದ್ದಾರೆ. 1992ರಲ್ಲಿ ಮೊದಲ ಕಾದಂಬರಿ ಬಂದಾಗಿನಿಂದ ಅವರು ಗುಪ್ತನಾಮದಲ್ಲಿಯೇ ಬರೆಯುತ್ತಿದ್ದಾರೆ. ಅವರು ಯಾರೆಂದು ಪತ್ತೆಹಚ್ಚಲು ನಡೆದ ಪ್ರಯತ್ನಗಳು ಏನು ಹೇಳುತ್ತವೆ ಎಂಬುದನ್ನು ನಿಮ್ಮ ಪರಿಚಯಕ್ಕೆ ತರಬೇಡಿ. ಪುಸ್ತಕಗಳ ಹೆಸರು, ಅವು ಬಂದ ವರ್ಷ, ಗುಪ್ತನಾಮವನ್ನು ಅವರೇ ಆರಿಸಿಕೊಂಡರು ಎಂಬ ಒಂದು ವಾಕ್ಯ, ಅಷ್ಟು ಸಾಕು.

ಮಾದರಿಗಾಗಿ ಒಂದು ಪರಿಚಯವನ್ನು ಬರೆದು ತೋರಿಸುತ್ತೇನೆ. ‘ಯೂಯಿ ಮೊರಾಲೆಸ್ ಹುಟ್ಟಿದ್ದು ಮೆಕ್ಸಿಕೊದ ಶಲಾಪಾದಲ್ಲಿ. ಕಲಿತದ್ದು ದೈಹಿಕ ಶಿಕ್ಷಣ, ಈಜು ಕಲಿಸುತ್ತಿದ್ದರು. 1994ರಲ್ಲಿ ಎರಡು ತಿಂಗಳ ಮಗನೊಡನೆ ಅಮೆರಿಕಕ್ಕೆ ಬಂದಾಗ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸಾನ್ ಫ್ರಾನ್ಸಿಸ್ಕೊ ಕಡೆಯ ಸಾರ್ವಜನಿಕ ಗ್ರಂಥಾಲಯದಲ್ಲಿ ಚಿತ್ರಪುಸ್ತಕಗಳನ್ನು ಮಗನೊಡನೆ ನೋಡುತ್ತ, ಮೊದಲು ಚಿತ್ರಗಳಿಂದ ಕಥೆ ಊಹಿಸುತ್ತ, ಆಮೇಲೆ ಪದಗಳನ್ನು ಬಿಡಿಸುತ್ತ ಆ ಭಾಷೆಯನ್ನು ಕಲಿತರು. ಪುಸ್ತಕ ಮಾಡುವುದನ್ನೂ ಹಾಗೆಯೇ ಕಲಿತರು. 2015ರಲ್ಲಿ ಅವರ ಚಿತ್ರಗಳಿಗೆ ಕಾಲ್ಡಿಕಾಟ್ ಗೌರವ ಬಂತು. ತಾಯಿಮಗ ಗ್ರಂಥಾಲಯವನ್ನು ಕಂಡುಕೊಂಡ ಕಥೆಯನ್ನು 2018ರಲ್ಲಿ ಅವರೇ ಚಿತ್ರಪುಸ್ತಕವಾಗಿಸಿದರು.’ ಇದರಲ್ಲಿ ಹುಟ್ಟೂರಿದೆ, ಓದಿದೆ, ಗೌರವವೂ ಇದೆ. ಹೊತ್ತು ಎಲ್ಲಿ ಕಳೆಯಿತು, ಕಲಿಸಿದವರು ಯಾರು ಎಂಬುದೂ ಸೇರಿದೆ. ಇದಕ್ಕಿಂತ ಉದ್ದ ಬೇಡ. ಕೆಳಗೆ ಅವರ ಪುಸ್ತಕಗಳ ಪಟ್ಟಿ ಕೊಟ್ಟು, ನಿಮ್ಮ ಗ್ರಂಥಾಲಯದಲ್ಲಿ ಇರುವವುಗಳ ಮುಂದೆ ಗುರುತು ಹಾಕಿ. ಬದುಕಿರುವವರ ಪರಿಚಯಗಳನ್ನು ವರ್ಷಕ್ಕೊಮ್ಮೆ ನೋಡಿ ತಿದ್ದುವ ಏರ್ಪಾಡನ್ನು ಈಗಲೇ ಮಾಡಿಕೊಳ್ಳಿ.